ಅಳುವಿಗೂ ವಿಳಾಸವಿದೆ

ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: “ಬಿ.ಎ. ಓದುತ್ತಿರುವ ನನ್ನ ಮಗಳಿಗೆ ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ‘ಲಂಡನ್’ ಕವಿತೆ ಪಾಠಕ್ಕಿದೆ. ಕೈಗಾರಿಕಾ ನಗರದ ಅನ್ಯಾಯವನ್ನು ಅದು ಬಯಲಿಗೆಳೆಯುತ್ತದೆಂದು ಅವಳ ಗೈಡಿನಲ್ಲಿದೆ. ಓದಿ ನೋಡಿದೆ. ಅದರಲ್ಲಿ ಗಿರಣಿಯಿಲ್ಲ, ಕೂಲಿಯ ಲೆಕ್ಕವಿಲ್ಲ. ಹದಿನಾರು ಸಾಲಿನ ತುಂಬ ಬರೀ ಅಳು. ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಗಿರಣಿ ಮುಚ್ಚಿದ ಮೇಲೂ ಬೆಳಿಗ್ಗೆ ಸೈರನ್ ಕೂಗುತ್ತಿದ್ದ ಹೊತ್ತಿಗೆ ಎದ್ದು ಕೂತು ಕೆಮ್ಮುತ್ತಿದ್ದರು. ಆಗ ನಮ್ಮ ಮನೆಯನ್ನು ಉಳಿಸಿದ್ದು ಪಿ.ಎಫ್. ಕಾಗದಗಳು, ಕವಿತೆಯಲ್ಲ. ಇಂಥ ಬರವಣಿಗೆಯಿಂದ ಯಾರಿಗೇನು ಉಪಯೋಗ?”

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ವರದಿ, ಕಾಯಿದೆ, ಪರಿಹಾರದ ಅರ್ಜಿಗಳು ಮಾಡುವ ಕೆಲಸವನ್ನು ಕವಿತೆ ಮಾಡಲಾರದೆಂಬುದನ್ನು ಒಪ್ಪುತ್ತೇನೆ. ಲಂಡನ್ನಿನ ಹೊಗೆಗೂಡುಗಳೊಳಗೆ ಏರಿ ಮಸಿ ಗುಡಿಸುತ್ತಿದ್ದ ಮಕ್ಕಳಿಗೆ ಎಂಟು ವರ್ಷವಾದರೂ ತುಂಬಿರಬೇಕೆಂಬ 1788ರ ಕಾಯಿದೆಯ ಹಿಂದೆ ಸಮಾಜ ಸುಧಾರಕ ಜೋನಸ್ ಹ್ಯಾನ್‌ವೇಯಂಥವರ ಪಟ್ಟುಹಿಡಿದ ಪ್ರಚಾರವಿತ್ತು. ಆದರೆ ಅದು ಬಹುಮಟ್ಟಿಗೆ ಕಡತದಲ್ಲೇ ಉಳಿಯಿತು. 1834, 1840, 1864ರಲ್ಲಿ ಮತ್ತೆ ಮತ್ತೆ ಕಾಯಿದೆ ಮಾಡಿ, 1875ರ ಕಾಯಿದೆಯ ನಂತರವಷ್ಟೇ ಮಕ್ಕಳು ಹೊಗೆಗೂಡಿನಿಂದ ಹೊರಬಂದರು. ಕಾಗದವಿತ್ತು, ಕೇಳುವ ಕಿವಿ ಇರಲಿಲ್ಲ.

‘ಬರೀ ಅಳು’ ಎಂದಿರಲ್ಲ, ನನ್ನ ತಕರಾರು ಆ ಮಾತಿನ ಮೇಲೆ. ಬ್ಲೇಕ್ ತಾಮ್ರದ ತಗಡಿನ ಮೇಲೆ ಅಕ್ಷರವನ್ನೂ ಚಿತ್ರವನ್ನೂ ತಾನೇ ಮೂಡಿಸಿ ಅಚ್ಚುಹಾಕುತ್ತಿದ್ದ ಕೆತ್ತನೆಗಾರ. 1790ರ ದಶಕದಲ್ಲಿ ಅವನಿದ್ದ ಲಂಡನ್ನಿನ ಲ್ಯಾಂಬೆತ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಉಗಿಯಂತ್ರಗಳಿಂದ ನಡೆಯುತ್ತಿದ್ದ ಆಲ್ಬಿಯನ್ ಹಿಟ್ಟಿನ ಗಿರಣಿಯಿತ್ತು. 1791ರಲ್ಲಿ ಅದು ಸುಟ್ಟುಹೋದ ಮೇಲೂ ಅದರ ಗೋಡೆಗಳು ವರ್ಷಗಟ್ಟಲೆ ಹಾಗೇ ನಿಂತಿದ್ದವು. ಗಿರಣಿಯನ್ನು ಕಾಣದೆ ಬರೆದವನಲ್ಲ ಅವನು.

1794ರಲ್ಲಿ ಅಚ್ಚಾದ ಈ ಕವಿತೆಯ ಕರಡು ಅವನ ಟಿಪ್ಪಣಿ ಪುಸ್ತಕದಲ್ಲಿ ಉಳಿದಿದೆ. ಮೊದಲು ಅವನು ಬರೆದದ್ದು ‘ಕೊಳಕು ಬೀದಿ’, ‘ಕೊಳಕು ಥೇಮ್ಸ್’ ಎಂದು. ಆಮೇಲೆ ಎರಡೂ ಕಡೆ ಕೊಳಕನ್ನು ಹೊಡೆದುಹಾಕಿ ‘ಚಾರ್ಟರ್ಡ್’ ಎಂದು ತಿದ್ದಿದ. ಚಾರ್ಟರ್ ಎಂದರೆ ಸನ್ನದು, ಕಂಪನಿಗಳಿಗೂ ಪಟ್ಟಣಗಳಿಗೂ ಹಕ್ಕು ಬರೆದುಕೊಡುವ ರಾಜಮುದ್ರೆಯ ಕಾಗದ. ಕೊಳಕಿಗೆ ಯಾರೂ ಹೊಣೆಯಾಗದೆ ತಪ್ಪಿಸಿಕೊಳ್ಳಬಹುದು. ಸನ್ನದಿಗಾದರೆ ಬರೆದುಕೊಟ್ಟವನಿದ್ದಾನೆ, ಮೊಹರು ಒತ್ತಿದವನಿದ್ದಾನೆ, ಪಡೆದು ಉಂಡವನಿದ್ದಾನೆ. ಕಾಗದದ ಬೆಲೆ ಬಲ್ಲ ನೀವು, ಹರಿಯುವ ನದಿಯನ್ನೂ ಕಾಗದವೊಂದು ಕಟ್ಟಿಹಾಕಿದ್ದನ್ನು ಒಂದೇ ಪದದಲ್ಲಿ ಹಿಡಿದ ಕವಿಯನ್ನು ಇಷ್ಟು ಬೇಗ ಕೈಬಿಡಬಾರದಿತ್ತು.

ಮೂರನೆಯ ಪದ್ಯವನ್ನು ಇನ್ನೊಮ್ಮೆ ನೋಡಿ. ಹೊಗೆಗೂಡು ಗುಡಿಸುವ ಹುಡುಗನ ಕೂಗು ಕಪ್ಪಿಡುತ್ತಿರುವ ಚರ್ಚಿಗೆ ತಾಗುತ್ತದೆ. ಸೈನಿಕನ ನಿಟ್ಟುಸಿರು ಅರಮನೆಯ ಗೋಡೆಯ ಮೇಲೆ ನೆತ್ತರಾಗಿ ಇಳಿಯುತ್ತದೆ. ಒಂದೊಂದು ನೋವಿಗೂ ಒಂದೊಂದು ಕಟ್ಟಡ. ಮೈಸೂರಿನಲ್ಲಿ ನಮಗೆ ಈ ಕವಿತೆಯನ್ನು ಪಾಠ ಮಾಡಿದ ಮೇಷ್ಟ್ರು ಅರ್ಥ ಹೇಳುವ ಮೊದಲು ಅದನ್ನು ನಾಲ್ಕು ಸಲ ಗಟ್ಟಿಯಾಗಿ ಓದಿಸಿದರು. ಆಮೇಲೆ ಆ ಪದ್ಯದ ನಾಲ್ಕು ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಕೂಡಿಸಲು ಹೇಳಿದರು: ಎಚ್, ಇ, ಎ, ಆರ್. ‘ಹಿಯರ್’, ಅಂದರೆ ಕೇಳು! ಆ ದಿನ ಮೈ ಜುಮ್ಮೆಂದದ್ದು ನನಗೆ ಇಂದಿಗೂ ನೆನಪಿದೆ. ನಿಮ್ಮ ಮಗಳ ಗೈಡಿನಲ್ಲಿ ಇದಿರಲಾರದು. ‘ಕೈಗಾರಿಕಾ ಕ್ರಾಂತಿಯ ದುಷ್ಪರಿಣಾಮಗಳು’ ಎಂದು ಹತ್ತು ಅಂಕಕ್ಕೆ ಬರೆಸುವ ನಾವು, ಮಕ್ಕಳ ಕೈಗೆ ಕವಿತೆಯನ್ನು ಕೊಟ್ಟು ಅದರ ಕಿವಿಯನ್ನು ಕಿತ್ತುಕೊಂಡಿದ್ದೇವೆ.

ಉಪಯೋಗದ ಮಾತಿಗೂ ಉತ್ತರವಿದೆ. ಇದೇ ಬ್ಲೇಕ್ 1789ರಲ್ಲಿ ಬರೆದ ಇನ್ನೊಂದು ಪದ್ಯದಲ್ಲಿ, ಅಪ್ಪ ಮಾರಿಬಿಟ್ಟ ಮಗುವೊಂದಿದೆ. ಗುಡಿಸುವವರು ಬೀದಿಯಲ್ಲಿ ಕೂಗುವ ‘ಸ್ವೀಪ್’ ಎಂಬ ಮಾತು ಅದರ ಎಳೆ ನಾಲಗೆಗೆ ತಿರುಗದೆ ‘ವೀಪ್, ವೀಪ್’ ಎಂದಾಗುತ್ತದೆ. ಕಸುಬಿನ ಕೂಗೇ ‘ಅಳು’ ಎಂಬ ಪದವಾಗಿಬಿಡುತ್ತದೆ. 1824ರಲ್ಲಿ ಕವಿ ಜೇಮ್ಸ್ ಮಾಂಟ್ಗೊಮೆರಿ ಈ ಮಕ್ಕಳ ಪರವಾಗಿ ಬರಹಗಳನ್ನು ಕೂಡಿಸಿ ಪುಸ್ತಕ ಮಾಡಿದಾಗ, ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಅದಕ್ಕೆ ಕಳುಹಿಸಿದ್ದು ಈ ಪದ್ಯವನ್ನೇ. ಕಾಯಿದೆ ಕೇಳುವವರ ಕೈಯಲ್ಲಿ ಕವಿತೆಯೂ ಇತ್ತು.

ನನ್ನ ದುಃಖವಿರುವುದು ನಮ್ಮ ಕಾಲದ ಬಗ್ಗೆ. ಪತ್ರಿಕೆಗೆ ಬರುವ ಕವಿತೆಗಳಲ್ಲಿ ಬೆಂಗಳೂರು ರಾಕ್ಷಸ, ಬೆಂಗಳೂರು ನಿರ್ದಯಿ, ಬೆಂಗಳೂರು ಕಾಂಕ್ರೀಟ್ ಕಾಡು. ಊರನ್ನೇ ರಾಕ್ಷಸನೆಂದು ಕರೆದರೆ ಊರಿನೊಳಗೆ ಸಹಿ ಹಾಕಿದವರೆಲ್ಲ ಪಾರಾಗುತ್ತಾರೆ. ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1993ರಲ್ಲಿ ಬಂತು, 2013ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಮ್ಯಾನ್‌ಹೋಲಿಗೆ ಇಳಿದವರು ಉಸಿರುಕಟ್ಟಿ ಸತ್ತ ಸುದ್ದಿ ಮಾತ್ರ ನಿಂತಿಲ್ಲ. ಆ ಉಸಿರು ಯಾವ ಕಟ್ಟಡದ ಗೋಡೆಗೆ ತಾಗಿತೆಂದು ಹೇಳುವ ನಾಲ್ಕು ಸಾಲಿಗಾಗಿ ಎಷ್ಟೋ ಕಾಲದಿಂದ ಕಾಯುತ್ತಿದ್ದೇನೆ.

ಮಗಳಿಗೆ ಆ ಕವಿತೆಯನ್ನು ಗಟ್ಟಿಯಾಗಿ ಓದಲು ಹೇಳಿ, ನೀವೂ ಪಕ್ಕದಲ್ಲಿ ಕೂತು ಕೇಳಿ. ಇನ್ನೊಂದು ಮಾತು: ಕೂಗದ ಸೈರನ್ನಿಗೆ ಎದ್ದು ಕೂತು ಕೆಮ್ಮುವ ತಂದೆಯನ್ನು ನೀವು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿಗೇ ಹಿಂತಿರುಗಿ, ಆ ಕೆಮ್ಮು ಯಾರ ಬಾಗಿಲಿಗೆ ಕೇಳಬೇಕಿತ್ತೆಂಬುದನ್ನೂ ಸೇರಿಸಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟಿರುತ್ತೇನೆ.

– ಸಂಪಾದಕ