ಅದಿರಿಗೆ ಎರಡು ಪುಟ ಏಕೆ?

(ಪಾವಗಡದ ಓದುಗರೊಬ್ಬರ ಪತ್ರ: "ಬಿಸಿಲಿನಿಂದ ನೀರನ್ನು ಒಡೆದು ಜಲಜನಕ ಪಡೆಯುವ ಲೋಹದ ಆಕ್ಸೈಡುಗಳಿಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟಿದ್ದೀರಿ. ನಮ್ಮಲ್ಲೇ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆ ವಿದ್ಯುತ್ತಿನಿಂದಲೇ ನೀರು ಒಡೆದರೆ ಸಾಲದೆ? ಐವತ್ತು ವರ್ಷ ಕಳೆದರೂ ಕೈಗೂಡದ ಕೆಲಸಕ್ಕೆ ಇಷ್ಟು ಜಾಗವೇ?")

ಮಾನ್ಯರೆ,

ಇವತ್ತಿನ ಖರ್ಚುವೆಚ್ಚದ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಸೋಲಾರ್ ಫಲಕವೂ, ವಿದ್ಯುತ್ತಿನಿಂದ ನೀರು ಒಡೆಯುವ ಯಂತ್ರವಾದ ಎಲೆಕ್ಟ್ರೊಲೈಸರ್ ಕೂಡ ದುಡ್ಡು ಕೊಟ್ಟರೆ ಸಿಗುತ್ತವೆ. ಒಪ್ಪಿದೆ.

ಆದರೆ ಕಥೆ ಇರುವುದು ಇನ್ನೊಂದು ಕಡೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದದ್ದನ್ನು ಪ್ರಕಟಿಸಿದರು. ಗೋಡೆಯ ಬಿಳಿ ಬಣ್ಣದಲ್ಲಿರುವ ವಸ್ತುವೇ ಅದು. ಅದಕ್ಕೆ ನೇರಳಾತೀತ ಕಿರಣವೇ ಬೇಕು, ಬಿಸಿಲಿನಲ್ಲಿ ಅದರ ಪಾಲು ಶೇ. 5ರ ಆಸುಪಾಸು. ಹಾಗಾಗಿ ಹೆಮಟೈಟ್ ಮೇಲೆ ಕಣ್ಣು ಬಿತ್ತು. ನಮ್ಮ ಚಿಕ್ಕನಾಯಕನಹಳ್ಳಿಯ ಗಣಿಗಳಿಂದ ಲಾರಿಗಟ್ಟಲೆ ಹೋಯಿತಲ್ಲ, ಆ ಕಬ್ಬಿಣದ ಅದಿರು! ಅಗ್ಗ, ನಿರಪಾಯ, ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ. ಬಿಸಿಲಿನ ಶಕ್ತಿಯ ಶೇ. 15ರಷ್ಟನ್ನು ಜಲಜನಕವಾಗಿಸಬಲ್ಲದೆಂದು ಸಿದ್ಧಾಂತ ಹೇಳುತ್ತದೆ. ತೊಡಕು ಒಳಗಿದೆ. ಬೆಳಕು ಹುಟ್ಟಿಸಿದ ಧನಾವೇಶವು ಮೇಲ್ಮೈ ತಲುಪಿದರೆ ತಾನೇ ನೀರು ಒಡೆಯುವುದು? ಅದು ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಸಾಗುವಷ್ಟರಲ್ಲಿ ಎಲೆಕ್ಟ್ರಾನಿನೊಂದಿಗೆ ಕೂಡಿ ಇಲ್ಲವಾಗುತ್ತದೆ, ಹೇಮಾವತಿ ನಾಲೆಯ ನೀರು ಕೊನೆಯ ಹೊಲ ಮುಟ್ಟದ ಹಾಗೆ. ಬೆಳಕನ್ನು ಪೂರ್ತಿ ಹೀರಲು ಮಾತ್ರ ನೂರಾರು ನ್ಯಾನೋಮೀಟರ್ ದಪ್ಪ ಬೇಕು. ಅದಕ್ಕಾಗಿಯೇ ತವರವನ್ನೋ ಟೈಟಾನಿಯಂ ಅನ್ನೋ ಚೂರು ಬೆರೆಸುವುದು, ನ್ಯಾನೋಕಡ್ಡಿಗಳಾಗಿ ಬೆಳೆಸುವುದು, ಆಮ್ಲಜನಕ ಬೇಗ ಹೊರಬೀಳಲೆಂದು ಕೋಬಾಲ್ಟ್ ಫಾಸ್ಫೇಟ್ ಲೇಪಿಸುವುದು.

2021ರಲ್ಲಿ ಜಪಾನಿನವರು ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಇನ್ನೊಂದು ಆಕ್ಸೈಡಿನ 100 ಚದರ ಮೀಟರ್ ಫಲಕಗಳನ್ನು ಬಯಲಿನಲ್ಲಿಟ್ಟರು. ಗರಿಷ್ಠ ದಕ್ಷತೆ ಶೇ. 0.76. ನೀವು ನಗುತ್ತೀರಿ, ನಾನು ಬೆರಗಾಗುತ್ತೇನೆ. ತಂತಿಯಿಲ್ಲ, ಬ್ಯಾಟರಿಯಿಲ್ಲ, ಪುಡಿ, ನೀರು, ಬಿಸಿಲು, ಅಷ್ಟೇ.

ನಮ್ಮ ಸಮಸ್ಯೆ ಅವಸರ. ಅದಿರನ್ನು ಟನ್ನಿನ ಲೆಕ್ಕದಲ್ಲಿ ಮಾರಿದೆವು, ಅದರ ಗುಣ ಅರಿಯುವ ವ್ಯವಧಾನ ನಮಗಿರಲಿಲ್ಲ. ಲೋಹದ ಆಕ್ಸೈಡುಗಳಿಗೆ ದಶಕಗಳನ್ನೇ ಕೊಟ್ಟ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೆ ಭಾರತ ರತ್ನ ಬಂದಾಗ ಸಂಭ್ರಮಿಸಿದವರು ನಾವೇ. ಅದೇ ನಮ್ಮ ಜಿಲ್ಲೆಯ ಕಾಲೇಜೊಂದರಲ್ಲಿ ಮಕ್ಕಳು ಪ್ರಯೋಗವನ್ನೇ ಮಾಡದೆ ರೆಕಾರ್ಡ್ ಪುಸ್ತಕ ನಕಲು ಮಾಡುವುದನ್ನು ಕಂಡಿದ್ದೇನೆ. ಕೇಳಿದರೆ, ಪರೀಕ್ಷೆಗೆ ಇಷ್ಟೇ ಸಾಕು ಎಂದರು. ನಿಮ್ಮ "ಸಾಲದೆ?" ಕೂಡ ಅದೇ ಧಾಟಿಯದು.

ಪಾವಗಡದವರು ಕೇಳಬೇಕಾದ ಪ್ರಶ್ನೆ ಬೇರೆ. ಯಾವ ದಾರಿಯಲ್ಲಿ ಒಡೆದರೂ ಒಂದು ಕಿಲೋ ಜಲಜನಕಕ್ಕೆ ಸುಮಾರು 9 ಲೀಟರ್ ಶುದ್ಧ ನೀರು ಬೇಕು. ಕೊಳವೆಬಾವಿಯಲ್ಲಿ ಫ್ಲೋರೈಡ್ ಬರುವ ನಿಮ್ಮ ಸೀಮೆಯಲ್ಲಿ ಆ ನೀರು ಎಲ್ಲಿಂದ ಬರಬೇಕು? ಅದರ ಬಗ್ಗೆ ಬರೆದು ಕಳುಹಿಸಿ, ಖಂಡಿತ ಅಚ್ಚು ಹಾಕುತ್ತೇನೆ.

– ಸಂ.