ಗುಮಾಸ್ತರ ಕೆಲಸ ಎಂದಿರಲ್ಲ!

ಓದುಗರ ಪತ್ರ: “ಫ್ಯಾಶನ್ ಬೈಯಿಂಗ್ ಮತ್ತು ಬ್ರ್ಯಾಂಡ್ ಮ್ಯಾನೇಜ್‌ಮೆಂಟ್ ಪದವಿಯ ಮೊದಲ ವರ್ಷ ಮುಗಿಯುತ್ತಾ ಬಂತು. ಬ್ರ್ಯಾಂಡ್ ಕಟ್ಟುವುದನ್ನು ಕಲಿಯೋಣವೆಂದು ಸೇರಿದ ನನಗೆ ವರ್ಷವಿಡೀ ಸ್ಪ್ರೆಡ್‌ಶೀಟು, ಸೈಜಿನ ಪಟ್ಟಿ, ಬಟ್ಟೆಯ ತೂಕ. ಇದೆಲ್ಲ ಗುಮಾಸ್ತರ ಕೆಲಸವಲ್ಲವೇ? ಮುಂದಿನ ವರ್ಷ ಎರಡರಲ್ಲಿ ಒಂದನ್ನು ಮುಖ್ಯ ವಿಷಯವಾಗಿ ಆರಿಸಬೇಕು. ಬ್ರ್ಯಾಂಡನ್ನೇ ಹಿಡಿಯಬೇಕೆಂದಿದ್ದೇನೆ. 1,200 ಟಿ-ಶರ್ಟುಗಳ ನನ್ನದೊಂದು ಬ್ರ್ಯಾಂಡ್ ಯೋಜನೆ ಲಗತ್ತಿಸಿದ್ದೇನೆ. ಏನನ್ನುತ್ತೀರಿ?”

ಸಂಪಾದಕರ ಉತ್ತರ:

ಪತ್ರ ಚೆನ್ನಾಗಿದೆ. ಸುತ್ತುಬಳಸಿಲ್ಲ, ನೇರವಾಗಿ ಕೇಳಿದ್ದೀರಿ. ಒಂದೇ ಒಂದು ಪದದ ಕೆಳಗೆ ಕೆಂಪು ಗೆರೆ ಎಳೆದಿಟ್ಟಿದ್ದೇವೆ: ಗುಮಾಸ್ತರು. ಈ ಉತ್ತರ ಉದ್ದವಾದರೆ ಅದರ ಪಾಪ ಆ ಪದಕ್ಕೆ.

ನಿಮ್ಮ ಯೋಜನೆ ಒಟ್ಟು 14 ಪುಟ. ಲೋಗೊಗೆ ನಾಲ್ಕು, ಬಣ್ಣಗಳ ‘ಭಾವಲೋಕ’ಕ್ಕೆ ಮೂರು, ಗ್ರಾಹಕರ ಕನಸುಗಳಿಗೆ ಎರಡು. ಸರಕಿನ ಬಗ್ಗೆ ಇರುವುದು 9ನೇ ಪುಟದ ಒಂದೇ ಸಾಲು: “180 ಜಿಎಸ್‌ಎಂ ಹತ್ತಿ, ಎಕ್ಸ್‌ಎಸ್‌ನಿಂದ ಡಬಲ್ ಎಕ್ಸ್‌ಎಲ್‌ವರೆಗೆ ಎಲ್ಲ ಸೈಜಿನಲ್ಲೂ ಲಭ್ಯ.” ನಮ್ಮ ತಕರಾರು ಪೂರ್ತಿ ಈ ಸಾಲಿನ ಮೇಲೆ.

ಎಲ್ಲ ಸೈಜಿನಲ್ಲೂ ಲಭ್ಯ, ಸರಿ. ಯಾವುದು ಎಷ್ಟು? ಆರು ಸೈಜು, 1,200 ಶರ್ಟು, ತಲಾ 200 ಎಂದು ಹಂಚಿದಿರಿ ಎನ್ನೋಣ. ಬರುವ ಜನ ಆ ಹಂಚಿಕೆಯಲ್ಲಿ ಬರುವುದಿಲ್ಲ. ಅವರ ಬೇಡಿಕೆ 1:2:3:3:2:1 ಇದ್ದರೆ ಬೇಕಾದದ್ದು 100, 200, 300, 300, 200, 100. ಎಂ ಮತ್ತು ಎಲ್ ಬೇಗ ಖಾಲಿಯಾಗುತ್ತವೆ, 200 ಜನ ಬರಿಗೈಲಿ ಹೋಗುತ್ತಾರೆ. ಅತಿ ಸಣ್ಣದು, ಅತಿ ದೊಡ್ಡದು ಎಂಬ ಎರಡು ತುದಿಗಳಲ್ಲಿ ತಲಾ 100 ಶರ್ಟು ಉಳಿಯುತ್ತವೆ. ಆರನೇ ವಾರ ಅಂಗಡಿಗೆ ಬಂದವರಿಗೆ ಕಾಣುವುದು ಸೈಜು ಮುರಿದ ಕಪಾಟು. ನಿಮ್ಮ ನಾಲ್ಕು ಪುಟದ ಲೋಗೊ ಆ ಹೊತ್ತಿಗೆ ‘ಇಲ್ಲಿ ನಮ್ಮ ಸೈಜು ಸಿಗಲ್ಲ’ ಎಂಬುದರ ಗುರುತಾಗಿರುತ್ತದೆ.

ಹಳೆಯ ಮಾರಾಟದ ಅಂಕಿ ನೋಡಿ ಅನುಪಾತ ಹಾಕುತ್ತೇವೆ ಎನ್ನುವಿರಿ. ಅಲ್ಲೇ ಎಡವುವವರು ಹೆಚ್ಚು. ಮಾರಾಟದ ಅಂಕಿ ಇದ್ದ ಸರಕಿನ ಕಥೆಯನ್ನಷ್ಟೇ ಹೇಳುತ್ತದೆ. ಮೂರನೇ ವಾರಕ್ಕೆ ಖಾಲಿಯಾದ ಎಂ ಸೈಜು ಆಮೇಲಿನ ಐದು ವಾರ ಸೊನ್ನೆ ತೋರಿಸುತ್ತದೆ. ಎಂಟು ವಾರದ ಮೊತ್ತ ತೆಗೆದರೆ ಎಂ ಮತ್ತು ಡಬಲ್ ಎಕ್ಸ್‌ಎಲ್ ಹೆಚ್ಚುಕಡಿಮೆ ಅಕ್ಕಪಕ್ಕ ನಿಲ್ಲುತ್ತವೆ, ಹೋದ ಸಲದ ತಪ್ಪು ಈ ಸಲದ ಆರ್ಡರಿಗೆ ಪಾಠವಾಗಿ ಕೂರುತ್ತದೆ. ಎಲ್ಲ ಸೈಜುಗಳೂ ಕಪಾಟಿನಲ್ಲಿದ್ದ ವಾರಗಳನ್ನು ಮಾತ್ರ ಆರಿಸಿ, ವಾರಕ್ಕೆಷ್ಟು ಹೋಯಿತೆಂದು ಲೆಕ್ಕ ಹಾಕಬೇಕು. ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಇದಕ್ಕೆಂದೇ ಇನ್ನೊಂದು ಕಾಲಂ ಸೇರಿಸಿ.

ಇನ್ನು ಉಳಿದ ಆ 200 ಶರ್ಟು. ರಿಯಾಯಿತಿ ಹಾಕಿದರಾಯಿತು ಎಂದು ಯೋಜನೆಯ ಕೊನೆಯಲ್ಲಿ ಸಲೀಸಾಗಿ ಬರೆದುಬಿಟ್ಟಿದ್ದೀರಿ. 100ಕ್ಕೆ ಮಾರುವ ಶರ್ಟಿನ ಅಸಲು 40 ಇರಲಿ. ಒಟ್ಟು ಲಾಭ 60. ಬೆಲೆಯ ಮೇಲೆ ಲೆಕ್ಕ ಹಾಕಿದರೆ ಮಾರ್ಜಿನ್ ಶೇ. 60, ಅಸಲಿನ ಮೇಲೆ ಹಾಕಿದರೆ ಮಾರ್ಕಪ್ ಶೇ. 150 (ಇವೆರಡನ್ನು ಅದಲುಬದಲು ಮಾಡಿಕೊಂಡು ಪರೀಕ್ಷೆಯಲ್ಲಿ ಫೇಲಾದರೆ ಪರವಾಗಿಲ್ಲ, ಫ್ಯಾಕ್ಟರಿಯವರ ಎದುರು ಕೂತಾಗ ಮಾಡಿಕೊಳ್ಳಬೇಡಿ). ಶೇ. 30 ರಿಯಾಯಿತಿ ಕೊಟ್ಟಿರಿ, ಬೆಲೆ 70ಕ್ಕೆ ಇಳಿಯಿತು. ಅಸಲು ಅಲ್ಲೇ ಇದೆ. ಲಾಭ 30. ಬೆಲೆ ಮೂರನೇ ಒಂದು ಭಾಗದಷ್ಟೂ ಇಳಿದಿಲ್ಲ, ಲಾಭ ಅರ್ಧ ಹೋಯಿತು. ಮೊದಲಿನಷ್ಟೇ ಗಳಿಸಲು ಎರಡರಷ್ಟು ಮಾರಬೇಕು, ಅದೂ ಯಾರಿಗೂ ಬೇಡವಾದ ಸೈಜುಗಳನ್ನು.

ಬಟ್ಟೆಯ ತೂಕದ ಬಗ್ಗೆ ಗೊಣಗಿದ್ದೀರಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಅದನ್ನು ತೆಗೆಯುವ ದುಂಡನೆಯ ಕಟ್ಟರ್ ಸರಿಯಾಗಿ 100 ಚದರ ಸೆಂಟಿಮೀಟರಿನ ಬಿಲ್ಲೆ ಕತ್ತರಿಸುತ್ತದೆ. ತೂಕವನ್ನು ನೂರರಿಂದ ಗುಣಿಸಿದರೆ ಆಯಿತು. 180ರ ಬಟ್ಟೆಯ ಬಿಲ್ಲೆ 1.8 ಗ್ರಾಂ, 160ರದ್ದು 1.6. ಕೈಗೆ ತಿಳಿಯದ ಈ 0.2 ಗ್ರಾಮಿನಲ್ಲಿ ಶೇ. 11ರಷ್ಟು ನೂಲು ಮಾಯ. ಶರ್ಟು ಬೆಳಕಿಗೆ ಹಿಡಿದರೆ ಒಳಗಿನದು ಕಾಣಬಹುದು, ನಾಲ್ಕು ಒಗೆತಕ್ಕೆ ಪಕ್ಕದ ಹೊಲಿಗೆ ಮುಂದಕ್ಕೆ ತಿರುಗಲೂಬಹುದು. ಬಿಲ್ಲೆಯನ್ನು ಒಂದೇ ಕಡೆ ಕತ್ತರಿಸಬೇಡಿ, ಅಂಚು ಬಿಟ್ಟು ನಾಲ್ಕೈದು ಕಡೆ ತೆಗೆದು ಸರಾಸರಿ ನೋಡಿ. ಬಟ್ಟೆ ಒಗೆತಕ್ಕೆ ಶೇ. 5ರಷ್ಟು ಕುಗ್ಗುವುದಾದರೆ 72 ಸೆಂಟಿಮೀಟರ್ ಉದ್ದದ ಶರ್ಟು 3.6 ಸೆಂಟಿಮೀಟರ್ ಕಳೆದುಕೊಳ್ಳುತ್ತದೆ, ಅಂದರೆ ಕೊಂಡವರು ಕೈ ಎತ್ತಿದಾಗ ಹೊಟ್ಟೆ ಹೊರಗೆ. ಬಣ್ಣವೂ ಅಷ್ಟೇ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡ ಕಾಲರು ಮತ್ತು ಮೈ ಬಿಸಿಲಿಗೆ ಬಂದಾಗ ಎರಡು ಬಣ್ಣವಾಗುವುದುಂಟು. ಒಪ್ಪಿಗೆಗೆ ಬರುವ ಬಣ್ಣದ ಮಾದರಿ ತುಂಡಿಗೆ, ಅಂದರೆ ಲ್ಯಾಬ್ ಡಿಪ್‌ಗೆ ಸಹಿ ಹಾಕುವ ಮುಂಚೆ ಅಂಗಡಿಯ ದೀಪದಲ್ಲೂ ಹಗಲಿನ ಬೆಳಕಿನಲ್ಲೂ ನೋಡಬೇಕು ಎನ್ನುವುದು ಇದಕ್ಕೇ.

ಫ್ಯಾಕ್ಟರಿಯಿಂದ ಮೊದಲು ಅಳತೆ ನೋಡಲು ಫಿಟ್ ಸ್ಯಾಂಪಲ್, ಎಲ್ಲ ಸೈಜುಗಳ ಮಾದರಿಯಾಗಿ ಸೈಜ್ ಸೆಟ್, ಆಮೇಲೆ ನಿಜವಾದ ಬಟ್ಟೆ, ನಿಜವಾದ ದಾರ, ಲೇಬಲ್ ಸಮೇತ ಪಿಪಿ (ತಯಾರಿಕೆಗೆ ಮುಂಚಿನ) ಸ್ಯಾಂಪಲ್. ಅದಕ್ಕೆ ಒಪ್ಪಿಗೆ ಸಿಗುವವರೆಗೆ ಕತ್ತರಿ ಆಡಬಾರದು. ಸರಕು ತಯಾರಾದ ಮೇಲೆ 1,200ರಲ್ಲಿ ಎಷ್ಟು ಬಿಚ್ಚಿ ನೋಡುತ್ತೀರಿ? ವ್ಯವಹಾರದಲ್ಲಿ ರೂಢಿಯಿರುವ ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5ರ ಕೋಷ್ಟಕದ ಪ್ರಕಾರ, ಸಾಮಾನ್ಯ ಎರಡನೇ ಹಂತದ ತಪಾಸಣೆಗೆ 80. ದೊಡ್ಡ ದೋಷವಿರುವವು ಐದರವರೆಗೆ ಸಿಕ್ಕರೆ ಪಾಸು, ಆರು ಸಿಕ್ಕರೆ ಇಡೀ ಲಾಟು ವಾಪಸು. ಆ 80ನ್ನು ಮೇಲಿನ ಎರಡು ಪೆಟ್ಟಿಗೆಗಳಿಂದಲೇ ಎತ್ತಿಕೊಂಡರೆ ಕೋಷ್ಟಕ ನೋಡಿದ್ದೂ ದಂಡ. ಒಳ್ಳೆಯ ಹೊಲಿಗೆ ಯಾವಾಗಲೂ ಮೇಲಿನ ಪೆಟ್ಟಿಗೆಯಲ್ಲೇ ಇರುತ್ತದೆ.

ಇದನ್ನೆಲ್ಲ ಮಾಡುವವರನ್ನು ಬೈಯರ್ ಎನ್ನುತ್ತಾರೆ. ಕನ್ನಡ ಕಿವಿಗೆ ‘ಯಾರನ್ನೂ ಬೈಯರು’ ಎಂದು ಕೇಳಿಸುವ ಪದ. ಬೈಸಿಕೊಳ್ಳುವುದಂತೂ ದಿನಾ ಇದ್ದದ್ದೇ.

ಬ್ರ್ಯಾಂಡ್ ವಿದ್ಯೆ ಬುರುಡೆ ಎಂದು ನಾವೇನೂ ಹೇಳುತ್ತಿಲ್ಲ. 1983ರಲ್ಲಿ ಹಾಲ್‌ಸ್ಟನ್ ಎಂಬ ಅಮೆರಿಕದ ದೊಡ್ಡ ವಿನ್ಯಾಸಕಾರ ಜೆಸಿಪೆನ್ನಿಯ ಸಾಮಾನ್ಯ ಮಳಿಗೆಗಳಿಗೆ ಅಗ್ಗದ ಉಡುಪು ಮಾಡಲು ಒಪ್ಪಿದ ಕೂಡಲೇ ಸಿರಿವಂತರ ಮಳಿಗೆ ಬರ್ಗ್‌ಡಾರ್ಫ್ ಗುಡ್‌ಮನ್ ಅವನ ದುಬಾರಿ ಉಡುಪುಗಳನ್ನು ಕೈಬಿಟ್ಟಿತು. ಹೆಸರನ್ನು ಎಲ್ಲಿ ತೂಗುಹಾಕಬೇಕು, ಎಲ್ಲಿ ಹಾಕಬಾರದು ಎಂಬುದಕ್ಕೂ ವಿದ್ಯೆ ಬೇಕು. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಉಡುಪಿಗೆ 25ನೇ ವರ್ಗ ಎಂಬುದನ್ನಾದರೂ ತಿಳಿದಿರಬೇಕು. ಸರಿ, ಆ ಪಕ್ಷಕ್ಕೆ ಇಷ್ಟು ಸಾಕು.

ಇಟಲಿಯ ಉಡುಪು ಕಂಪನಿ ಬೆನೆಟನ್ ಎಂದರೆ ಜನರಿಗೆ ಥಟ್ಟನೆ ನೆನಪಾಗುವುದು ಒಲಿವಿಯೆರೊ ತೊಸ್ಕಾನಿ ತೆಗೆದ ಜಾಹೀರಾತು ಚಿತ್ರಗಳು. ಬ್ರ್ಯಾಂಡ್ ತರಗತಿಗಳಲ್ಲಿ ಅವೇ ತಿರುಗುತ್ತವೆ. ಆದರೆ ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಆ ಕಂಪನಿ ಒಂದು ಸಣ್ಣ ಅದಲುಬದಲು ಮಾಡಿತ್ತು. ನೂಲಿಗೆ ಬಣ್ಣ ಹಾಕಿ ಆಮೇಲೆ ಸ್ವೆಟರ್ ಹೆಣೆಯುವುದು ವಾಡಿಕೆ. ಬೆನೆಟನ್ ಬಣ್ಣವಿಲ್ಲದ ನೂಲಿನಲ್ಲಿ ಹೆಣೆದಿಟ್ಟುಕೊಂಡು, ಯಾವ ಬಣ್ಣ ಓಡುತ್ತಿದೆ ಎಂದು ಅಂಗಡಿಗಳಿಂದ ತಿಳಿದ ಮೇಲೆ ಉಡುಪನ್ನೇ ಬಣ್ಣದಲ್ಲಿ ಅದ್ದಿತು. ಹೀಗೆ ಮಾಡಲು ಖರ್ಚು ತುಸು ಹೆಚ್ಚು, ಆದರೆ ಹಸಿರು ಕೇಳಿದವರಿಗೆ ಹಸಿರು ಸಿಗುತ್ತಿತ್ತು, ಯಾರೂ ಕೇಳದ ಕಂದು ಗೋದಾಮಿನಲ್ಲಿ ಕೊಳೆಯುತ್ತಿರಲಿಲ್ಲ. ‘ಯುನೈಟೆಡ್ ಕಲರ್ಸ್’ ಎಂಬ ಘೋಷಣೆ ನಿಂತಿದ್ದೇ ಬಣ್ಣದ ತೊಟ್ಟಿಯ ಮೇಲೆ. ಚಿತ್ರ ಎಲ್ಲರಿಗೂ ಗೊತ್ತು, ತೊಟ್ಟಿ ಯಾರಿಗೂ ಬೇಡ.

ನಮಗೆ ಸಿಟ್ಟು ಬರುವುದು ಇಲ್ಲೇ. ಲೆಕ್ಕ ಎಂದರೆ ಕೀಳು, ಮಾತು ಎಂದರೆ ಮೇಲು ಎಂಬ ಭಾವನೆ ಈ ವಿದ್ಯೆಗೆ ಎಲ್ಲಿಂದ ಅಂಟಿತು? ನ್ಯೂಯಾರ್ಕಿನ ಫ್ಯಾಶನ್ ಕಾಲೇಜು ಎಫ್‌ಐಟಿ 1944ರಲ್ಲಿ ಶುರುವಾದದ್ದು ಸೂಜಿ ಕಸುಬು ಕಲಿಸುವ ಹೈಸ್ಕೂಲಿನ ಮೇಲ್ಮಹಡಿಯಲ್ಲಿ. ಲಂಡನ್ ಕಾಲೇಜ್ ಆಫ್ ಫ್ಯಾಶನ್‌ನ ಬೇರು 1906ರ ಒಂದು ಹುಡುಗಿಯರ ಕಸುಬಿನ ಶಾಲೆ. ಕೈ ಮೊದಲು ಬಂತು, ಪದವಿ ಆಮೇಲೆ. ಈಗ ವಿಶ್ವವಿದ್ಯಾಲಯಗಳ ಪ್ರವೇಶ ಪುಸ್ತಿಕೆ ತೆರೆದರೆ ರ‍್ಯಾಂಪಿನ ಚಿತ್ರ ಇರುತ್ತದೆ, ಗೋದಾಮಿನದು ಇರುವುದಿಲ್ಲ. ಇಂಥ ಪುಸ್ತಿಕೆ ನೋಡಿ ಸೇರಿದ ನಿಮ್ಮನ್ನು ಪೂರ್ತಿ ದೂರುವುದೂ ನ್ಯಾಯವಲ್ಲ.

ಗೋದಾಮಿನ ಚಿತ್ರ ಹಾಕಿದ್ದರೆ ಏನು ಕಾಣುತ್ತಿತ್ತು? 2018ರಲ್ಲಿ ಎಚ್ ಆ್ಯಂಡ್ ಎಂ ಬಳಿ ಮಾರಾಟವಾಗದೆ ಉಳಿದ ಸರಕಿನ ಮೌಲ್ಯ 430 ಕೋಟಿ ಡಾಲರ್ ಎಂದು ಸುದ್ದಿಯಾಯಿತು. ಅದೇ ವರ್ಷ, ಬ್ರಿಟನ್ನಿನ ದುಬಾರಿ ಉಡುಪಿನ ಕಂಪನಿ ಬರ್ಬೆರಿ 2.86 ಕೋಟಿ ಪೌಂಡ್ ಬೆಲೆಯ ಸರಕನ್ನು ನಾಶಮಾಡಿದ್ದು ಅದರದೇ ವಾರ್ಷಿಕ ವರದಿಯಿಂದ ಹೊರಬಿತ್ತು; ಹೆಸರಿನ ಗೌರವ ಉಳಿಸಿಕೊಳ್ಳಲು ಮಾಡಿದ ಕೆಲಸ ಹೆಸರನ್ನೇ ಸುಟ್ಟಿತು, ಸೆಪ್ಟೆಂಬರಿನಲ್ಲಿ ಆ ಪದ್ಧತಿ ಕೈಬಿಟ್ಟರು. ಫ್ರಾನ್ಸು ಮಾರಾಟವಾಗದ ಬಟ್ಟೆ ನಾಶ ಮಾಡುವುದನ್ನು ಕಾನೂನಿನಿಂದಲೇ ನಿಲ್ಲಿಸಬೇಕಾಯಿತು.

ಇನ್ನೊಂದು ಕಡೆ ಮನುಷ್ಯರಿದ್ದಾರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಆದರೂ ಕೆಲಸಕ್ಕೆ ಕರೆದರು. ಯಾವ ಕಂಪನಿಗೆ ಅಲ್ಲಿ ಹೊಲಿಯುತ್ತಿದ್ದರೆಂದು ಅವಶೇಷದಲ್ಲಿ ಸಿಕ್ಕ ಲೇಬಲ್ಲುಗಳನ್ನು ನೋಡಿ ಗುರುತಿಸಬೇಕಾಯಿತು. ಆರ್ಡರು ಕೊಟ್ಟು ಎರಡು ವಾರದ ಮೇಲೆ ಬಣ್ಣ ಬದಲಿಸಿ, ಹಡಗಿನ ದಿನಾಂಕ ಮಾತ್ರ ಬದಲಿಸದಿದ್ದರೆ ಆ ಎರಡು ವಾರವನ್ನು ಯಾರೋ ರಾತ್ರಿ ಕೂತು ಹೊಲಿಯಬೇಕಾಗುತ್ತದೆ. ಇಮೇಲ್ ಕಳಿಸಿದವರಿಗೆ ಅದು ಕಾಣುವುದಿಲ್ಲ. ಗುಮಾಸ್ತಿಕೆ ಗೊತ್ತಿದ್ದವರಿಗೆ ಮಾತ್ರ ಅಂಗಡಿ ತೆರೆಯುವ ದಿನದಿಂದ ಹಿಂದಕ್ಕೆ ಎಣಿಸುವುದು ಗೊತ್ತಿರುತ್ತದೆ: ಹಡಗಿಗೆ ಇಷ್ಟು ವಾರ, ಹೊಲಿಗೆಗೆ ಇಷ್ಟು, ಬಟ್ಟೆಗೆ ಇಷ್ಟು, ಬಣ್ಣದ ತೀರ್ಮಾನಕ್ಕೆ ಇದೇ ಕೊನೆಯ ಶುಕ್ರವಾರ ಎಂದು.

ನಿಮ್ಮ ಪ್ರಶ್ನೆಗೆ ಉತ್ತರ: ಬೈಯಿಂಗ್ ಹಿಡಿಯಿರಿ. ಬ್ರ್ಯಾಂಡಿನ ಕಡೆಯಿಂದ ಟ್ರೇಡ್‌ಮಾರ್ಕ್ ಕಾನೂನು ಮತ್ತು ಗ್ರಾಹಕ ಸಂಶೋಧನೆ ಎಂಬ ಎರಡು ಪತ್ರಿಕೆ ತೆಗೆದುಕೊಳ್ಳಿ. ಕಲಿಕೆಯ ನಡುವೆ ಒಂದು ವರ್ಷ ಕಂಪನಿಯಲ್ಲಿ ಕೆಲಸ ಮಾಡುವ ಅವಕಾಶವಿದ್ದರೆ ಬಿಡಬೇಡಿ; ಸಂದರ್ಶನದಲ್ಲಿ ಮಾರ್ಕೆಟಿಂಗ್ ವಿಭಾಗ ತೋರಿಸಿದರೆ ಯಾವ ಸರಕು ಎಷ್ಟು ಬೇಕೆಂದು ಲೆಕ್ಕ ಹಾಕುವ ಮರ್ಚಂಡೈಸಿಂಗ್ ಮೇಜು ಕೇಳಿ. ಯೋಜನೆಯನ್ನು ಹಿಂದಕ್ಕೆ ಕಳಿಸುತ್ತಿದ್ದೇವೆ. ಲೋಗೊ ಚೆನ್ನಾಗಿದೆ, ಮುಟ್ಟಬೇಡಿ. 9ನೇ ಪುಟ ಮಾತ್ರ ಮತ್ತೆ ಬರೆದು ಕಳಿಸಿ, ಆರು ಸೈಜಿನ ಎದುರು ಆರು ಅಂಕಿ ಇರಲಿ.