ಪಾಚಿ ಎಣ್ಣೆಯ ಡಿಎಚ್‌ಎ ಮೀನೆಣ್ಣೆಯಷ್ಟೇ ಕೆಲಸ ಮಾಡುತ್ತಾ?

ನೀವು ಸಸ್ಯಾಹಾರಿಗಳು, ಮನೆಯವರು ಬಸುರಿ, ಡಾಕ್ಟರು ಡಿಎಚ್‌ಎ (ಒಂದು ಬಗೆಯ ಒಮೆಗಾ-3 ಕೊಬ್ಬು) ಬರೆದುಕೊಟ್ಟಿದ್ದಾರೆ. ಮಡಗಾಂವ್‌ನ ಮೆಡಿಕಲ್ ಶಾಪಿನವರು ಪಾಚಿ ಎಣ್ಣೆಯ ದುಬಾರಿ ಡಬ್ಬಿ ತೋರಿಸಿದ್ದಾರೆ. ಅದು ಮೀನೆಣ್ಣೆಗೆ ಸಮನಾ ಅಂತ ಕೇಳಿದ್ದೀರಿ.

ಸಮ. ನಾನು ಧಾರವಾಡದವನು, ಇಲ್ಲೇ ಗೋವಾದ ವೆರ್ಣಾದಲ್ಲಿ ಎಣ್ಣೆ ಪರೀಕ್ಷೆ ಮಾಡುವ ಕೆಲಸ. ಎರಡೂ ಎಣ್ಣೆ ನಮ್ಮ ಟೇಬಲ್ಲಿಗೆ ಬರುತ್ತವೆ. ಡಿಎಚ್‌ಎ ಎರಡರಲ್ಲೂ ಒಂದೇ. ಅಸಲಿಗೆ ತಾರ್ಲೆ, ಬಂಗಡೆಗಳಿಗೆ ಅದು ಸಿಗೋದೇ ಸಮುದ್ರದ ಸೂಕ್ಷ್ಮಜೀವಿಗಳಿಂದ. ಕಂಪನಿಗಳು ನಡುವಿನ ಮೀನನ್ನು ಬಿಟ್ಟು ಸೀದಾ ಆ ಜೀವಿಗಳನ್ನೇ ಬೆಳೆಸುತ್ತವೆ, ಅಷ್ಟೇ.

ಹೆಚ್ಚಾಗಿ ಬಳಸೋದು ಸ್ಕಿಜೋಕೈಟ್ರಿಯಂ. ಪಾಚಿ ಅಂತಾರೆ, ಆದರೆ ಹಸಿರೂ ಇಲ್ಲ, ಬಿಸಿಲೂ ಬೇಡ. ಇದರ ಬಳಗ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಳೆತ ಎಲೆಗಳ ಮೇಲೆ ಸಿಗುತ್ತದೆ. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರೂ ಇದರ ಮೇಲೆ ಕೆಲಸ ಮಾಡಿದ್ದಾರೆ. ಲ್ಯಾಬಿನಲ್ಲಿ ಇವನ್ನು ಹಿಡಿಯೋ ಉಪಾಯ ನನಗೆ ಬಲು ಇಷ್ಟ: ಸಮುದ್ರದ ನೀರಿಗೆ ಪೈನ್ ಮರದ ಪರಾಗ ಉದುರಿಸಿ ಬಿಡುತ್ತಾರೆ. ಇವು ಬಂದು ಆ ಕಣಗಳಿಗೆ ಅಂಟಿಕೊಂಡು ಬೆಳೆಯುತ್ತವೆ.

ಕಾರ್ಖಾನೆಯಲ್ಲಿ ದೊಡ್ಡ ಸ್ಟೀಲ್ ಟ್ಯಾಂಕು, ಒಳಗೆ ಕತ್ತಲೆ. ಗ್ಲೂಕೋಸ್ ಹಾಕಿ, ಗಾಳಿ ಊದುತ್ತಾರೆ. ಮೊದಲು ಜೀವಕೋಶಗಳು ಮರಿ ಹಾಕುತ್ತಾ ಹೋಗುತ್ತವೆ. ಆಮೇಲೆ ಸಾರಜನಕ ತೀರುತ್ತದೆ, ಸಕ್ಕರೆ ಮಾತ್ರ ಉಳಿದಿರುತ್ತದೆ. ಆಗ ಸಂಖ್ಯೆ ಹೆಚ್ಚಿಸಲಾಗದೆ, ತಿಂದದ್ದನ್ನೆಲ್ಲ ಬರಗಾಲಕ್ಕೆ ಕಾಳು ತುಂಬಿಡುವ ರೈತನ ಹಾಗೆ ಎಣ್ಣೆಯಾಗಿ ಕೂಡಿಡುತ್ತವೆ. ಒಣತೂಕದ ಅರ್ಧದಷ್ಟು ಎಣ್ಣೆಯೇ ಆಗಬಹುದು. ಸಕ್ಕರೆ, ಕರೆಂಟು, ಸೋಂಕು ಬಾರದಂತೆ ಕಾಯುವ ಖರ್ಚು, ಎಲ್ಲ ಸೇರಿ ರೇಟು ಜಾಸ್ತಿ. ಹಾಗಂತ ಮೀನೆಣ್ಣೆ ಯಾವಾಗಲೂ ಅಗ್ಗ ಅಂತಲ್ಲ. 2023ರಲ್ಲಿ ಪೆರು ದೇಶ, ಮೀನೆಣ್ಣೆ ತೆಗೆಯುವ ಆಂಚೋವಿ ಮೀನುಗಾರಿಕೆಯ ಮೊದಲ ಹಂಗಾಮು ರದ್ದು ಮಾಡಿದಾಗ ಅದರ ಬೆಲೆಯೂ ಗಗನಕ್ಕೇರಿತ್ತು.

ಹಸುಗೂಸಿನ ಹಾಲಿನಪುಡಿಗೆ ಸೂಕ್ಷ್ಮಜೀವಿಗಳ ಡಿಎಚ್‌ಎ ಬಳಸಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲೇ ಆಕ್ಷೇಪ ಇಲ್ಲ ಅಂದಿದೆ. ಆ ವಿಷಯದಲ್ಲಿ ಹೆದರಬೇಡಿ.

"ಅಗಸಿ ಚಟ್ನಿ ಸಾಲದಾ?" ಅಂತ ಊರಲ್ಲಿ ಕೇಳುತ್ತಾರೆ. ಸಾಲದು. ಅಗಸಿಯಲ್ಲಿರೋದು ಎಎಲ್‌ಎ ಅನ್ನೋ ಬೇರೆ ಒಮೆಗಾ-3. ಅದರಲ್ಲಿ ತೀರಾ ಅತ್ಯಲ್ಪ ಭಾಗವನ್ನಷ್ಟೇ ದೇಹ ಡಿಎಚ್‌ಎ ಮಾಡಿಕೊಳ್ಳುತ್ತದೆ. ಚಟ್ನಿ ರೊಟ್ಟಿ ಜೊತೆ ಇರಲಿ.

ಡಬ್ಬಿ ಕೊಳ್ಳುವಾಗ ಮುಂದಿನ ದೊಡ್ಡ ಅಕ್ಷರದ "ಎಣ್ಣೆ 500 ಮಿ.ಗ್ರಾಂ" ನೋಡಿ ಮೋಸಹೋಗಬೇಡಿ, ಹಿಂದೆ ಡಿಎಚ್‌ಎ ಎಷ್ಟು ಅಂತ ಓದಿ. ಬಸುರಿಯರಿಗೆ ದಿನಕ್ಕೆ ಕನಿಷ್ಠ 200 ಮಿ.ಗ್ರಾಂ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಲಹೆ, ನಿಮ್ಮವರಿಗೆಷ್ಟು ಅಂತ ಡಾಕ್ಟರೇ ಹೇಳಲಿ. ಮಾತ್ರೆಯ ಹೊರಕವಚ ಜೆಲಾಟಿನ್ ಆಗಿದ್ದರೆ ಅದು ಪ್ರಾಣಿಯದ್ದು, ಹಸಿರು ಚುಕ್ಕೆ ಇದೆಯಾ ನೋಡಿಕೊಳ್ಳಿ.

ಇನ್ನೊಂದು ವಿಷಯ. ಪಾಚಿ ಎಣ್ಣೆಯೂ ಹಳಸಿದರೆ ಮೀನಿನ ವಾಸನೆಯನ್ನೇ ಹೊಡೆಯುತ್ತದೆ, ಆ ನಾತ ಒಮೆಗಾ-3 ಕೆಟ್ಟಾಗ ಬರೋದು. ನಾವು ಪೆರಾಕ್ಸೈಡ್ ಅಂಶ (ಎಣ್ಣೆ ಎಷ್ಟು ಹಳಸಿದೆ ಅನ್ನೋ ಅಳತೆ) 5 ದಾಟಿದರೆ ಆ ಮಾಲನ್ನು ವಾಪಸ್ ಕಳಿಸುತ್ತೇವೆ. ನೀವು ಒಂದು ಮಾತ್ರೆ ಕತ್ತರಿಸಿ ಮೂಸಿ ನೋಡಿ. ಮೂಗಿಗೆ ಹೊಡೆಯೋ ವಾಸನೆ ಬಂದರೆ ಬಿಲ್ಲು ಹಿಡಿದು ಅಂಗಡಿಗೇ ವಾಪಸ್ ಕೊಡಿ.